ವಾಯಿದೆ

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಕೆಂಪು ಬಟ್ಟೆಯ ಬೈಂಡಿನ ಒಂದು ಉದ್ದನೆಯ ಪುಸ್ತಕವಿದೆ. ಬ್ಯಾಂಕಿನಲ್ಲಿದ್ದಾಗ ಅಂಥದ್ದನ್ನು ಡ್ಯೂ ಡೇಟ್ ಡೈರಿ ಅನ್ನುತ್ತಿದ್ದೆವು. ಯಾವ ಠೇವಣಿಯ ವಾಯಿದೆ ಯಾವತ್ತು ತುಂಬುತ್ತದೆ, ಯಾವ ಸಾಲದ ಕಾಗದಕ್ಕೆ ಯಾವತ್ತು ಮರುಸಹಿ ಬೇಕು, ಎಲ್ಲ ಅದರಲ್ಲಿ. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾದ ಮೇಲೂ ನಾನು ಕೈಯಲ್ಲೇ ಬರೆಯುತ್ತಿದ್ದೆ. ಮೂವತ್ತೆಂಟು ವರ್ಷ ಸರ್ವೀಸು ಮುಗಿಸಿ 2022ರಲ್ಲಿ ಮನೆಗೆ ಬಂದಾಗ ಚಾಳಿಯೂ ಜೊತೆಗೇ ಬಂತು. ಈಗ ಡೊಂಬಿವಲಿಯ ಈ ಎರಡು ಕೋಣೆಯ ಮನೆಯ ಸಮಸ್ತ ವಾಯಿದೆಗಳೂ ಆ ಪುಸ್ತಕದಲ್ಲಿವೆ: ವಿಮೆ, ನೀರಿನ ಫಿಲ್ಟರು, ಊರಿನ ಮನೆಯ ತೀರ್ವೆ. ಕೊನೆಯ ಪುಟದ ತಲೆಬರಹ ಮಾತ್ರ ‘ದೊಡ್ಡ ಕರುಳು’. ಬಂದ ನೆಂಟರು ನೋಡಿಯಾರೆಂದು ಹೆಂಡತಿ ಆ ಪುಟವನ್ನು ಒಳಕ್ಕೆ ಮಡಚಿಟ್ಟಿದ್ದಾಳೆ.

ಆ ಪುಟ ಶುರುವಾದದ್ದು 2016ರಲ್ಲಿ. ನನಗಾಗ ಐವತ್ತನಾಲ್ಕು. ಒಂದು ಬೆಳಿಗ್ಗೆ ಕಮೋಡಿನಲ್ಲಿ ರಕ್ತ ಕಂಡಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಡಾಕ್ಟರ ಹತ್ತಿರ ಹೋದೆ. ನಮ್ಮ ಕಡೆಯವರಲ್ಲಿ ಮೂರೇ ದಿನಕ್ಕೆ ಬಾಯಿಬಿಟ್ಟವನು ನಾನೊಬ್ಬನೇ ಇರಬೇಕು. ಕೊಲೊನೋಸ್ಕೋಪಿ ಮಾಡಿಸಿ ಎಂದರು, ಅಂದರೆ ಹಿಂದಿನಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿಂದ ನೋಡುವ ಪರೀಕ್ಷೆ. ಮಾಡಿಸಿದೆ. ರಕ್ತ ಬಂದದ್ದು ಪೈಲ್ಸಿನಿಂದ. ಆದರೆ ಕೊಳವೆ ಒಳಗೆ ಬಿಟ್ಟವರ ಕಣ್ಣಿಗೆ ಬೇರೆಯೇ ಎರಡು ಬಿದ್ದವು. ಒಂದು ನಾಲ್ಕು ಮಿಲಿಮೀಟರು, ಇನ್ನೊಂದು ಆರು. ಪಾಲಿಪ್, ಕರುಳಿನ ಒಳಮೈಯಲ್ಲಿ ಏಳುವ ಗಂಟು. ಅಲ್ಲೇ ತೆಗೆದು ಬಯಾಪ್ಸಿಗೆ, ಅಂದರೆ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಡಿ ನೋಡಲು, ಕಳಿಸಿದರು.

ಬಯಾಪ್ಸಿ ಅನ್ನುವ ಶಬ್ದ ನಮ್ಮ ಸಂಸಾರಗಳಲ್ಲಿ ಒಂದು ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ‘ಅವರಿಗೆ ಬಯಾಪ್ಸಿ ಅಂತೆ’ ಎಂದರೆ ಮುಂದಿನ ಮಾತು ಪಿಸುಮಾತು. ಮುಂಬಯಿಯಲ್ಲಿ ಅದರ ತಮ್ಮನೊಬ್ಬನಿದ್ದಾನೆ: ‘ಟಾಟಾಕ್ಕೆ ಹೋಗುತ್ತಿದ್ದಾರೆ’. 1941ರಿಂದ ಪರೇಲಿನಲ್ಲಿ ನಿಂತಿರುವ ಆ ಕ್ಯಾನ್ಸರ್ ಆಸ್ಪತ್ರೆ ಎಷ್ಟು ಲಕ್ಷ ಜನರನ್ನು ಕಂಡಿದೆಯೋ, ನಮಗೆ ಮಾತ್ರ ಅದರ ಹೆಸರನ್ನು ದೊಡ್ಡ ದನಿಯಲ್ಲಿ ಹೇಳಲಾಗುವುದಿಲ್ಲ. ಹತ್ತು ದಿನದ ಮೇಲೆ ಲ್ಯಾಬಿನ ಲಕೋಟೆ ಬಂತು. ಕೌಂಟರಿನ ಹುಡುಗಿ ‘ಕ್ಯಾನ್ಸರ್ ನಹೀ ಹೈ ಅಂಕಲ್’ ಎಂದಳು. ಅಷ್ಟು ಸಾಕಾಯಿತು. ಲಕೋಟೆಯನ್ನು ತೆರೆಯದೆ ಕಪಾಟಿನಲ್ಲಿಟ್ಟೆ. ಡಾಕ್ಟರು ಒಂದು ವರ್ಷ ಬಿಟ್ಟು ಮತ್ತೆ ಬನ್ನಿ ಎಂದರು. ಡೈರಿಯಲ್ಲಿ ಬರೆದುಕೊಂಡೆ.

ಈ ಪರೀಕ್ಷೆಯ ಕಷ್ಟವೆಲ್ಲ ಹಿಂದಿನ ರಾತ್ರಿಯದು. ಅದನ್ನು ಅನುಭವಿಸಿದವರೇ ಬಲ್ಲರು. ಮಾರನೆಯ ದಿನ ಸೂಜಿ ಚುಚ್ಚಿ ಮಲಗಿಸುತ್ತಾರೆ, ಏಳುವಾಗ ಎಲ್ಲ ಮುಗಿದಿರುತ್ತದೆ. ಆದರೆ ಸುಮಾರು ಒಂದೂವರೆ ಮೀಟರು ಉದ್ದದ ಕರುಳು ತೊಳೆದ ಹಿತ್ತಾಳೆ ಕೊಡಪಾನದ ಹಾಗೆ ಇರಬೇಕಲ್ಲ, ಅದಕ್ಕೆ ಆ ಪುಡಿ ಕಲಸಿದ ನೀರು, ಲೀಟರುಗಟ್ಟಲೆ. ಉಪ್ಪುಪ್ಪು, ಸಿಹಿಸಿಹಿ, ಒಂದಿಷ್ಟು ಸಾಬೂನು. ಎರಡು ದಿನ ಮೊದಲೇ ಕುಚ್ಚಲಕ್ಕಿ ನಿಲ್ಲಬೇಕು, ಬಸಳೆ ನಿಲ್ಲಬೇಕು, ಎಳ್ಳು ಸಾಸಿವೆ ಏನೂ ಕೂಡದು. ಬೆಳ್ತಿಗೆ ಅನ್ನ, ತಿಳಿಸಾರು, ಮಜ್ಜಿಗೆ. ಹಿಂದಿನ ದಿನ ಅದೂ ಇಲ್ಲ, ಎಳನೀರು, ಹಾಲಿಲ್ಲದ ಚಹಾ. ಹೊಟ್ಟೆ ತಂಪಾಗಲಿ ಎಂದು ಹೆಂಡತಿ ಪುನರ್ಪುಳಿ ಶರಬತ್ತು ಮಾಡಿದ್ದಳು. ಕೆಂಪು ಬಣ್ಣದ್ದು ಯಾವುದೂ ಬೇಡ, ಒಳಗೆ ಕ್ಯಾಮೆರಾಕ್ಕೆ ರಕ್ತದಂತೆ ಕಂಡೀತು ಎಂದು ಚೀಟಿಯಲ್ಲಿತ್ತು. ಶರಬತ್ತು ಪಕ್ಕದ ಮನೆಗೆ ಹೋಯಿತು.

ಔಷಧಿಯನ್ನು ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಯ ದಿನ ನಸುಕಿನಲ್ಲಿ ಕುಡಿಯಬೇಕು. ಹಾಗೆ ಕುಡಿದು ಡೊಂಬಿವಲಿಯಿಂದ ಲೋಕಲ್ ಹತ್ತುವ ಧೈರ್ಯ ಯಾರಿಗಿದೆ? ಫಾಸ್ಟ್ ಗಾಡಿಯಾದರೂ ದಾದರಿಗೆ ಮುಕ್ಕಾಲು ಗಂಟೆ ಮೀರುತ್ತದೆ, ಲೋಕಲಿನಲ್ಲಿ ಶೌಚಾಲಯವಿಲ್ಲ. ಹಾಗಾಗಿ ಮಾಟುಂಗಾದ ತಮ್ಮನ ಮನೆಯಲ್ಲಿ ಹಿಂದಿನ ರಾತ್ರಿ ಉಳಿಯುವುದು ಎಂದಾಯಿತು. ಅವನು ಅಲ್ಲಿಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಹದಿನಾಲ್ಕನೇ ವಯಸ್ಸಿನಲ್ಲಿ ಊರಿನಿಂದ ಬಂದು, ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮಾಡಿ, ಕಡೆಗೆ ಗಲ್ಲಾದ ಮೇಲೆ ಕೂತವನು. ನಸುಕಿನ ನಾಲ್ಕಕ್ಕೆ ಹೋಟೆಲಿಗೆ ಹೊರಡಲು ಅವನು ಏಳುತ್ತಿದ್ದ. ಅದೇ ಹೊತ್ತಿಗೆ ನಾನು ಎರಡನೇ ಜಗ್ ಹಿಡಿದು ಅಡುಗೆಮನೆಯಲ್ಲಿ ಕೂತಿರುತ್ತಿದ್ದೆ. ಅವನ ಕೈಯಲ್ಲಿ ಫಿಲ್ಟರ್ ಕಾಫಿ, ನನ್ನ ಕೈಯಲ್ಲಿ ಆ ನೀರು. ಎರಡನೇ ವರ್ಷ ಅವನು ಕೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಎಂಥ ಮಾರಾಯ, ವರ್ಷಾ ವರ್ಷಾ ಕರುಳಿಗೆ ತಂಬಿಲವಾ?’

ತಂಬಿಲವೇ. ಊರಿನಲ್ಲಿ ನಾಗನಿಗೆ, ದೈವಕ್ಕೆ ವರ್ಷಕ್ಕೊಮ್ಮೆ ಸಲ್ಲಿಸಿ ನಿಶ್ಚಿಂತರಾಗುತ್ತೇವಲ್ಲ, ಹಾಗೆ. 2017ರಲ್ಲಿ ಏನೂ ಸಿಗಲಿಲ್ಲ, ಕರುಳು ಚೊಕ್ಕಟ. ಆದರೂ ಮುಂದಿನ ವರ್ಷ ಬನ್ನಿ ಎಂದರು. ಆ ಡಾಕ್ಟರನ್ನು ದೂರಿ ಪ್ರಯೋಜನವಿಲ್ಲ, ನನಗೂ ಅದೇ ಬೇಕಿತ್ತು. ವರ್ಷಕ್ಕೊಮ್ಮೆ ‘ಏನಿಲ್ಲ’ ಅನ್ನಿಸಿಕೊಳ್ಳುವ ಚಟ. ಬೇಡ ಎಂದಿದ್ದರೆ ಬಹುಶಃ ನಾನೇ ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಿದ್ದೆ.

2018ರದ್ದು ನಗೆಪಾಟಲು. ತಮ್ಮನ ಮನೆಗೆ ಬಣ್ಣ ಬಳಿಯುತ್ತಿದ್ದರು, ಹಾಗಾಗಿ ಔಷಧಿಯೆಲ್ಲವನ್ನೂ ಹಿಂದಿನ ಸಂಜೆಯೇ ಡೊಂಬಿವಲಿಯಲ್ಲಿ ಕುಡಿದು ಮುಗಿಸಿದೆ. ಅದಕ್ಕಿಂತ ಎರಡು ದಿನ ಮುಂಚೆ ಒಂದು ಗೃಹಪ್ರವೇಶ. ಬಸಳೆ ಸಾರು, ಮೇಲೆ ಎಳ್ಳುಂಡೆ. ಪರೀಕ್ಷೆ ಮಾರನೆಯ ದಿನ ಮಧ್ಯಾಹ್ನ. ರಿಪೋರ್ಟಿನಲ್ಲಿ ಬರೆದದ್ದು: ಸಿದ್ಧತೆ ಸಾಲದು, ಬಲಭಾಗ ಸರಿಯಾಗಿ ಕಾಣಲಿಲ್ಲ, ಆರು ತಿಂಗಳಲ್ಲಿ ಮತ್ತೆ ಮಾಡಿಸಿ. ಅಂದರೆ ಎರಡೂವರೆ ವರ್ಷದಲ್ಲಿ ನಾಲ್ಕನೆಯದು. ಈ ಬಾರಿ ಹೆಂಡತಿ ಪಟ್ಟು ಹಿಡಿದಳು, ಇನ್ನೊಬ್ಬರನ್ನು ಕೇಳಿಯೇ ಸೈ ಎಂದು.

ಸಯನ್ ಕಡೆಯ ಒಂದು ಹಳೇ ಕಟ್ಟಡದಲ್ಲಿ ಕೂರುವ ಆ ಹಿರಿಯ ಡಾಕ್ಟರು ನನ್ನ ಫೈಲು ತಿರುವಿ ಹಾಕಿದರು. ಬಣ್ಣದ ಫೋಟೋ ಇರುವ ಮೂರು ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು, ‘ಪೆಥಾಲಜಿ ಕುಠೇ ಆಹೆ?’ ಎಂದರು, ಲ್ಯಾಬಿನ ರಿಪೋರ್ಟು ಎಲ್ಲಿ ಎಂದು. ಇಲ್ಲ. ಮನೆಯಲ್ಲಿದೆ, ಲಕೋಟೆಯಲ್ಲಿ. ‘ಹಾಗಾದರೆ ಅದನ್ನು ತಂದ ಮೇಲೆ ಮಾತಾಡೋಣ’ ಎಂದು ಫೀಸೂ ತೆಗೆದುಕೊಳ್ಳದೆ ಕಳಿಸಿದರು. ಮಾರನೆಯ ವಾರ ನಾನು ಕೊಟ್ಟ ಲಕೋಟೆಯ ಗೋಂದು ಹಾಗೇ ಇದ್ದದ್ದು ನೋಡಿ ಅವರು ನನ್ನ ಮುಖ ನೋಡಿದರು. ಬ್ಯಾಂಕಿನವನು! ಸಾಲದ ಪತ್ರದ ಹಿಂಬದಿಯ ಸಣ್ಣ ಅಕ್ಷರವನ್ನು ಓದದೆ ಸಹಿ ಹಾಕಬೇಡಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದವನು ನಾನು.

ಅವತ್ತು ಅವರು ಇಪ್ಪತ್ತು ನಿಮಿಷ ಮಾತಾಡಿದರು. ನನಗೆ ಅರ್ಥವಾದಂತೆ ಹೇಳುತ್ತೇನೆ. ಮಳೆಗಾಲದಲ್ಲಿ ಬಿದ್ದ ದಿಮ್ಮಿಯ ಮೇಲೆ ಏನೇನೋ ಏಳುತ್ತದಲ್ಲ, ಕೆಲವಕ್ಕೆ ಅಣಬೆಯ ಹಾಗೆ ಕಾಂಡ ಇರುತ್ತದೆ, ಕೆಲವು ಪಾಚಿಯ ಹಾಗೆ ಚಪ್ಪಟೆ ಅಂಟಿಕೊಂಡಿರುತ್ತವೆ. ಕರುಳಿನ ಒಳಮೈಯ ಪಾಲಿಪ್ಪುಗಳೂ ಹಾಗೆ. ಎಲ್ಲವೂ ವಿಷದ್ದಲ್ಲ. ಕೊನೆಯ ಭಾಗದಲ್ಲಿ ಸಿಗುವ ಚಿಕ್ಕ ಹೈಪರ್‌ಪ್ಲಾಸ್ಟಿಕ್ ಜಾತಿಯವು ಇದ್ದೂ ಇಲ್ಲದ ಲೆಕ್ಕ. ಅಡಿನೋಮಾ ಅನ್ನುವ ಜಾತಿ ಮುಂದೆಂದೋ ಕ್ಯಾನ್ಸರಾಗಬಲ್ಲದ್ದು. ಅದೂ ಪ್ರತಿಯೊಂದೂ ಅಲ್ಲ, ಅವಸರದಲ್ಲೂ ಅಲ್ಲ. ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಒಂದಾದ ಮೇಲೊಂದು ಜೀನು ಕೆಡುತ್ತ ಹೋಗಬೇಕು. ಈ ನಿಧಾನವೇ ನಮ್ಮ ಪುಣ್ಯ. ಇದೊಂದು ಇಲ್ಲದಿದ್ದರೆ ವರ್ಷ ವರ್ಷ ನೋಡಿದರೂ ಉಪಯೋಗವಿರುತ್ತಿರಲಿಲ್ಲ.

ಹಾಗಾಗಿ ಮುಂದಿನ ವಾಯಿದೆಯನ್ನು ನಿಶ್ಚಯಿಸುವುದು ತೆಗೆದ ವಸ್ತು. ಎಷ್ಟು ಇದ್ದವು, ಎಷ್ಟು ದೊಡ್ಡವು, ಲ್ಯಾಬಿನವರು ಸೂಕ್ಷ್ಮದರ್ಶಕದಲ್ಲಿ ಏನು ಕಂಡರು. ಇದರ ಜೊತೆಗೆ, ನೋಡುವಾಗ ಕರುಳು ಸ್ವಚ್ಛವಾಗಿತ್ತೇ, ಕೊಳವೆ ದೊಡ್ಡ ಕರುಳಿನ ಆರಂಭದ ತನಕ, ಸೀಕಮ್ ಎನ್ನುವ ಜಾಗದ ತನಕ ಹೋಗಿತ್ತೇ, ಹಿಂದಕ್ಕೆ ಎಳೆಯುವಾಗ ಅವಸರ ಮಾಡದೆ ಕನಿಷ್ಠ ಆರು ನಿಮಿಷವಾದರೂ ನೋಡುತ್ತ ಬಂದರೇ. ನನ್ನ ಲಕೋಟೆಯಲ್ಲಿದ್ದದ್ದು: ಎರಡು ಟ್ಯೂಬುಲರ್ ಅಡಿನೋಮಾ, ಲೋ ಗ್ರೇಡ್, ಅಂದರೆ ಅಡಿನೋಮಾಗಳಲ್ಲೇ ಕಮ್ಮಿ ಅಪಾಯದ ಬಗೆ. ಎರಡೂ ಹತ್ತು ಮಿಲಿಮೀಟರಿನೊಳಗೆ. ಅಮೆರಿಕದ ತಜ್ಞರ ಕೂಟ 2012ರಲ್ಲಿ ಬರೆದ ಪ್ರಕಾರ ಇಂಥದ್ದಕ್ಕೆ ಮುಂದಿನ ಪರೀಕ್ಷೆ ಐದರಿಂದ ಹತ್ತು ವರ್ಷಕ್ಕೆ. ನಾನು ಒಂದು, ಎರಡು ಅಂತ ಎಣಿಸಿಕೊಂಡು ಓಡುತ್ತಿದ್ದೆ.

‘ಮೊದಲನೇ ವರ್ಷಕ್ಕೇ ಹೋದರೆ ನಷ್ಟವೇನು?’ ಎಂದು ಕೇಳಿದೆ. ಎಫ್‌ಡಿಯನ್ನು ವಾಯಿದೆಗೆ ಮೊದಲೇ ಮುರಿಸಲು ಬರುವ ಗಿರಾಕಿಯ ದನಿಯಲ್ಲೇ ಕೇಳಿರಬೇಕು. ಅವರು ಹೇಳಿದ ಅಧ್ಯಯನವನ್ನು ಆಮೇಲೆ ನಾನೇ ಹುಡುಕಿ ಓದಿದೆ. ಅಮೆರಿಕದ ಏಳು ಕೇಂದ್ರಗಳಲ್ಲಿ, ಅಡಿನೋಮಾ ತೆಗೆಸಿಕೊಂಡ 1418 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನವರನ್ನು ಒಂದನೇ ವರ್ಷಕ್ಕೂ ಮೂರನೇ ವರ್ಷಕ್ಕೂ ನೋಡಿದರು, ಇನ್ನೊಂದು ಪಾಲಿನವರನ್ನು ಮೂರನೇ ವರ್ಷಕ್ಕೆ ಮಾತ್ರ. ಭಯಪಡಬೇಕಾದಂಥ ಅಡಿನೋಮಾ ಸಿಕ್ಕಿದ್ದು ಎರಡೂ ಪಾಲಿನಲ್ಲಿ ನೂರಕ್ಕೆ 3.3ರಂತೆ. 1993ರಲ್ಲೇ ಅಚ್ಚಾದ ಮಾತು ಇದು. ನಾನು ಮಾಟುಂಗಾದಲ್ಲಿ ಎರಡನೇ ಜಗ್ ಹಿಡಿದು ಕೂತದ್ದು ಅದಾಗಿ ಇಪ್ಪತ್ತನಾಲ್ಕು ವರ್ಷದ ಮೇಲೆ.

ನಷ್ಟವೂ ಇಲ್ಲದಿಲ್ಲ. ಅಪರೂಪಕ್ಕೆ ಕರುಳಿಗೆ ತೂತು ಬೀಳಬಹುದು, ಪಾಲಿಪ್ ತೆಗೆದ ಕಡೆ ರಕ್ತ ಹರಿಯಬಹುದು. ಅಪರೂಪವೇ, ಆದರೆ ಲಾಭವೇ ಇಲ್ಲದ ಕಡೆ ಅಪರೂಪದ ನಷ್ಟವನ್ನಾದರೂ ಯಾಕೆ ಹೊರಬೇಕು? 2018ರ ಕೊಳಕು ಪರೀಕ್ಷೆಯ ಗತಿ ಏನೆಂದು ಕೇಳಿದ್ದಕ್ಕೆ, 2017ರದ್ದು ಸ್ವಚ್ಛವಾಗಿ ಪೂರ್ತಿ ಆಗಿತ್ತಲ್ಲ, ಅದನ್ನೇ ಲೆಕ್ಕಕ್ಕೆ ಹಿಡಿಯೋಣ ಎಂದರು. ಡೈರಿಯಲ್ಲಿ ಆರು ತಿಂಗಳ ನಮೂದನ್ನು ಹೊಡೆದುಹಾಕಿ 2023 ಎಂದು ಬರೆದೆ. ಬರೆಯುವಾಗ ಕೈ ಸ್ವಲ್ಪ ನಡುಗಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ 2020ರಲ್ಲಿ ಆ ಕೂಟ ಮತ್ತೆ ಕೂತು ನಿಯಮ ತಿದ್ದಿತು. ಬಡ್ಡಿ ದರ ಪರಿಷ್ಕರಣೆಯ ಸುತ್ತೋಲೆ ಓದುವ ಹಾಗೆ ಓದಿದೆ. ಎಲ್ಲ ಚೊಕ್ಕಟವಾಗಿದ್ದರೆ ಹತ್ತು ವರ್ಷ. ಹತ್ತು ಮಿಲಿಮೀಟರಿನೊಳಗಿನ ಟ್ಯೂಬುಲರ್ ಅಡಿನೋಮಾ ಒಂದೋ ಎರಡೋ ಇದ್ದರೆ ಏಳರಿಂದ ಹತ್ತು. ಮೂರೋ ನಾಲ್ಕೋ ಇದ್ದರೆ ಮೂರರಿಂದ ಐದು. ಐದರಿಂದ ಹತ್ತರವರೆಗೆ ಸಿಕ್ಕಿದರೆ, ಅಥವಾ ಒಂದೇ ಆದರೂ ಹತ್ತು ಮಿಲಿಮೀಟರ್ ಮುಟ್ಟಿದ್ದರೆ, ಇಲ್ಲವೇ ಲ್ಯಾಬಿನ ಕಾಗದದಲ್ಲಿ ವಿಲ್ಲಸ್ ಎಂದೋ ಹೈ ಗ್ರೇಡ್ ಎಂದೋ, ಅಂದರೆ ಹೆಚ್ಚು ಅಪಾಯದ ಬಗೆ ಎಂದು, ಬರೆದಿದ್ದರೆ ಮೂರೇ ವರ್ಷ. ಹತ್ತಕ್ಕೂ ಮೀರಿದ್ದರೆ ಮಾತ್ರ ಒಂದು ವರ್ಷ. ಇಪ್ಪತ್ತು ಮಿಲಿಮೀಟರಿನಷ್ಟೋ ಮೇಲಿನದೋ ಚೂರು ಚೂರಾಗಿ ತೆಗೆಯಬೇಕಾಗಿ ಬಂದಿದ್ದರೆ ಆರು ತಿಂಗಳಿಗೇ ಆ ಜಾಗವನ್ನು ನೋಡಬೇಕು, ಬೇರು ಉಳಿದಿದೆಯೋ ಎಂದು. ಅದೇ ವರ್ಷ ಯುರೋಪಿನವರು ಇನ್ನೂ ಉದಾರಿಗಳಾದರು: ಚಿಕ್ಕ, ಲೋ ಗ್ರೇಡ್ ಅಡಿನೋಮಾ ನಾಲ್ಕರ ತನಕ ಇದ್ದರೂ ವಿಶೇಷ ಕಣ್ಗಾವಲು ಬೇಡ, ಎಲ್ಲರಂತೆ ಇರಿ ಎಂದರು. ಒಂದೇ ಜೋಡಿ ಪಾಲಿಪ್ಪಿಗೆ ಸಮುದ್ರದ ಆ ಕಡೆ ಒಂದು ವಾಯಿದೆ, ಈ ಕಡೆ ಇನ್ನೊಂದು. ದಿನಾಂಕ ನೋಡಿ ಹೆದರುವವನಿಗೆ ಇದು ಸಮಾಧಾನವೋ ತಳಮಳವೋ ಗೊತ್ತಿಲ್ಲ. ನನಗೆ ಸಮಾಧಾನವಾಯಿತು. ಎರಡು ಬ್ಯಾಂಕುಗಳ ದರ ಬೇರೆಯಾದರೂ ಎರಡೂ ನನ್ನ ಭಯವನ್ನು ಕೇಳಿ ದರ ಕಟ್ಟಿದ್ದಲ್ಲವಲ್ಲ.

ಇಷ್ಟೊತ್ತು ನನ್ನ ಕರುಳಿನ ಮಾತಾಯಿತು. ಈ ಬರಹಕ್ಕೆ ಕೂರಿಸಿದ್ದು ತಮ್ಮನ ಕರುಳು.

2020ರ ಮಾರ್ಚಿನಲ್ಲಿ ಲೋಕಲ್ ನಿಂತಿತು. ಮಾಟುಂಗಾದ ಹೋಟೆಲುಗಳ ಬಾಗಿಲು ಮುಚ್ಚಿ, ಆಮೇಲೆ ಪಾರ್ಸೆಲಿಗೆ ಅರ್ಧ ತೆರೆದವು. ಕೆಲಸದ ಹುಡುಗರೆಲ್ಲ ಊರಿಗೆ ಹೋಗಿ, ತಮ್ಮನೇ ಇಡ್ಲಿ ಕಟ್ಟಿ ಕೊಡುತ್ತಿದ್ದ. ಆ ಮಳೆಗಾಲದಲ್ಲಿ ಒಂದು ದಿನ ಫೋನಿನಲ್ಲಿ, ಬೇರೇನೋ ಮಾತಿನ ನಡುವೆ, ರಕ್ತ ಹೋಗುತ್ತಿದೆ ಎಂದ. ‘ನಿನಗೆ ಆದದ್ದೇ ಇರಬೇಕು. ನಿನ್ನದು ಕಡೆಗೆ ಪೈಲ್ಸೇ ಅಲ್ಲವಾ?’ ಎಂದು ಕೇಳಿದ. ನಾನು ‘ಹೌದು’ ಎಂದೆ. ‘ಆದರೂ ತೋರಿಸು’ ಎಂದೂ ಹೇಳಿದೆ, ಹೇಳಿದ್ದು ಹೌದು. ಆದರೆ ಮನುಷ್ಯನಿಗೆ ಬೇಕಾದ ಅರ್ಧ ಮಾತ್ರ ಕೇಳಿಸುತ್ತದೆ. ನನ್ನ ಮೂರು ಪರೀಕ್ಷೆಗಳಿಂದ ಅವನು ತೆಗೆದುಕೊಂಡ ಪಾಠ, ನಮ್ಮ ಮನೆತನದ ರಕ್ತ ಪೈಲ್ಸಿನದು ಎಂದು. ಸುವರ್ಣಗೆಡ್ಡೆ ಬೇಯಿಸಿ ತಿಂದ, ಮಜ್ಜಿಗೆ ಕುಡಿದ. ಕೋವಿಡ್ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗುವವರು ಯಾರು ಎಂದ. ಅದೂ ಸುಳ್ಳಲ್ಲ.

2021ರ ಫೆಬ್ರವರಿಯಲ್ಲಿ ಮೆಟ್ಟಿಲು ಹತ್ತುವಾಗ ಏದುಸಿರು ಬಂದು ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗೆ. ಕೊಲೊನೋಸ್ಕೋಪಿಯ ಕೊಳವೆ ಸಿಗ್ಮಾಯ್ಡಿನಲ್ಲಿ, ದೊಡ್ಡ ಕರುಳಿನ ಕೊನೆಯ ಕಡೆಯ ತಿರುವಿನಲ್ಲಿ, ನಿಂತುಬಿಟ್ಟಿತು. ಗಡ್ಡೆಯನ್ನು ದಾಟಿ ಮುಂದೆ ಹೋಗಲು ದಾರಿ ಇರಲಿಲ್ಲ. ಅವನಿಗೆ ಐವತ್ತಾರು. ಆಪರೇಷನ್ ಆಯಿತು, ತೆಗೆದ ದುಗ್ಧಗ್ರಂಥಿಗಳಲ್ಲಿ ಮೂರಕ್ಕೆ ಹಬ್ಬಿತ್ತು. ಮೂರನೇ ಹಂತ. ಆಮೇಲೆ ಕೀಮೋ. ಅದರ ಒಂದು ಔಷಧಿಗೆ ತಂಪು ಆಗದು. ತಣ್ಣೀರಿನ ಲೋಟ ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದ ಹಾಗೆ. ನಲವತ್ತು ವರ್ಷ ನೀರಿನ ಲೋಟ ಇಟ್ಟು ಗಿರಾಕಿಯನ್ನು ಮಾತಾಡಿಸಿದವನು ಕೈಗವಸು ಹಾಕಿ ಫ್ರಿಜ್ಜಿನ ಬಾಗಿಲು ತೆರೆಯುತ್ತಿದ್ದ.

ಒಂದು ರಾತ್ರಿ ಸುಮ್ಮನೆ ಲೆಕ್ಕ ಹಾಕಿದೆ, ಹಾಕಬಾರದಿತ್ತು. 2021ರಿಂದ ಹಿಂದಕ್ಕೆ ಹತ್ತು ವರ್ಷ ಎಣಿಸಿದರೆ 2011. ಅಂದರೆ 2016ರಲ್ಲಿ, 2017ರಲ್ಲಿ ನಸುಕಿನ ನಾಲ್ಕಕ್ಕೆ ಆ ಅಡುಗೆಮನೆಯಲ್ಲಿ ಎದುರುಬದುರು ಕೂತಿದ್ದೆವಲ್ಲ, ಆಗ ಅದು ಅವನೊಳಗೆ ಬಹುಮಟ್ಟಿಗೆ ಇದ್ದೇ ಇತ್ತು. ಪಾಲಿಪ್ಪಾಗಿ. ಬಹುಶಃ ಒಂದು ತಂತಿಯ ಕುಣಿಕೆಗೆ ಸಿಗುವಷ್ಟು ದೊಡ್ಡದಾಗಿ. ಏನೂ ಇಲ್ಲದ ಕರುಳನ್ನು ತೊಳೆದುಕೊಂಡು ನಾನು ಕೂತಿದ್ದೆ. ಇದ್ದವನು ಕಾಫಿ ಕುಡಿಯುತ್ತಿದ್ದ.

ಆ ಕುಣಿಕೆಯ ಕಥೆಯೂ ಹಳೆಯದೇನಲ್ಲ. 1969ರವರೆಗೆ ಕರುಳಿನ ಮೇಲ್ಭಾಗದ ಪಾಲಿಪ್ ತೆಗೆಯಬೇಕಾದರೆ ಹೊಟ್ಟೆ ಕೊಯ್ಯಬೇಕಿತ್ತು. ಆ ವರ್ಷ ನ್ಯೂಯಾರ್ಕಿನಲ್ಲಿ ಜಪಾನಿನಿಂದ ಬಂದ ಹಿರೋಮಿ ಶಿನ್ಯಾ ಎಂಬ ಶಸ್ತ್ರವೈದ್ಯರು, ವಿಲಿಯಂ ವೂಲ್ಫ್ ಅವರ ಜೊತೆಗೂಡಿ, ಕೊಳವೆಯೊಳಗಿಂದಲೇ ತಂತಿಯ ಕುಣಿಕೆ ಹಾಕಿ, ವಿದ್ಯುತ್ತು ಹರಿಸಿ, ಪಾಲಿಪ್ಪನ್ನು ಕತ್ತರಿಸಿ ತೆಗೆದರು. ಅಪ್ಪನ ಕಾಲದಲ್ಲಿ ಇಲ್ಲದ ಒಂದು ದಾರಿ ನಮ್ಮ ಕಾಲಕ್ಕೆ ಇತ್ತು. ಅಷ್ಟೇ ಹೇಳಬಲ್ಲೆ.

ಅಮೆರಿಕದಲ್ಲಿ 2021ರಿಂದ ನಲವತ್ತೈದು ದಾಟಿದ ಎಲ್ಲರಿಗೂ ತಪಾಸಣೆ ಅನ್ನುತ್ತಾರೆ. ಅದನ್ನು ಹಾಗೆಯೇ ಎತ್ತಿ ನಮ್ಮ ಮೇಲೆ ಹೊದಿಸಬೇಕು ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಈ ಕ್ಯಾನ್ಸರು ಅವರಷ್ಟಿಲ್ಲ. ಸರ್ಕಾರ ಊರೂರಿನಲ್ಲಿ ಮಾಡಿಸುವ ತಪಾಸಣೆ ಬಾಯಿ, ಸ್ತನ, ಗರ್ಭಕೋಶದ ಕೊರಳು ಈ ಮೂರಕ್ಕೆ, ಕರುಳಿಗಿಲ್ಲ. ಆದರೆ ರಕ್ತ ಕಂಡವನಿಗೆ ಈ ಮಾತು ಯಾವುದೂ ಅನ್ವಯಿಸುವುದಿಲ್ಲ. ಅವನದು ತಪಾಸಣೆಯೇ ಅಲ್ಲ, ಅವನಿಗೆ ವಾಯಿದೆಯೂ ಇಲ್ಲ. ಪೈಲ್ಸ್ ಇದ್ದರೂ ಪೈಲ್ಸಿನ ಹಿಂದೆ ಇನ್ನೊಂದು ಇರಬಹುದು, ನನಗೇ ಇರಲಿಲ್ಲವೇ?

2022ರ ಅಕ್ಟೋಬರಿನಲ್ಲಿ ಕೊಲೊನೋಸ್ಕೋಪಿಯಿಂದ ಹೆಚ್ಚು ಪ್ರಯೋಜನವಿಲ್ಲ ಎನ್ನುವ ಸುದ್ದಿಯೊಂದು ವಾಟ್ಸಾಪಿನಲ್ಲಿ ಓಡಾಡಿತು. ಬ್ಯಾಂಕಿನ ಹಳೆಯ ಗೆಳೆಯರ ಗುಂಪಿನಲ್ಲಿ ಮೂವರು ಅದನ್ನು ನನಗೆಂದೇ ಹಾಕಿದರು. ಪೋಲೆಂಡ್, ನಾರ್ವೆ, ಸ್ವೀಡನ್ನಿನ ದೊಡ್ಡ ಅಧ್ಯಯನ. ಪರೀಕ್ಷೆಗೆ ಕರೆ ಕಳಿಸಿದವರಲ್ಲಿ ಹತ್ತು ವರ್ಷದಲ್ಲಿ ಈ ಕ್ಯಾನ್ಸರು ಬರುವ ಸಂಭವ ನೂರಕ್ಕೆ ಹದಿನೆಂಟರಷ್ಟು ಕಮ್ಮಿಯಾಗಿತ್ತು. ಅಷ್ಟೇನಾ ಎಂದು ಎಲ್ಲರೂ. ಓದಿ ನೋಡಿದರೆ ಕರೆ ಹೋದವರಲ್ಲಿ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ನಲವತ್ತೆರಡು ಮಂದಿ ಮಾತ್ರ. ನೋಟೀಸು ಕಳಿಸಿದ ಸಾಲವನ್ನೆಲ್ಲ ವಸೂಲಾದ ಸಾಲವೆಂದು ಬರೆದುಕೊಳ್ಳುವ ಮ್ಯಾನೇಜರನ್ನು ನಾವು ಯಾವ ಶಾಖೆಯಲ್ಲೂ ಬಿಟ್ಟಿರಲಿಲ್ಲ. ಗುಂಪಿನಲ್ಲಿ ಅದನ್ನೇ ಬರೆದೆ. ಒಬ್ಬ ಹೆಬ್ಬೆರಳು ಎತ್ತಿದ, ಇನ್ನಿಬ್ಬರು ಗುಡ್ ಮಾರ್ನಿಂಗಿಗೆ ಹೋದರು.

ತಮ್ಮನ ರಿಪೋರ್ಟು ನಮ್ಮೆಲ್ಲರ ಪುಟವನ್ನೂ ಬದಲಿಸಿತು. ಒಡಹುಟ್ಟಿದವರಿಗೋ ಹೆತ್ತವರಿಗೋ ಅರವತ್ತರೊಳಗೆ ಈ ಕ್ಯಾನ್ಸರು ಬಂದರೆ ಉಳಿದವರು ನಲವತ್ತಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಶುರುಮಾಡಿ ಐದೈದು ವರ್ಷಕ್ಕೆ ನೋಡಿಸಬೇಕು. ಏಳರಿಂದ ಹತ್ತಕ್ಕೆ ಬಡ್ತಿ ಸಿಕ್ಕಿದ್ದ ನಾನು ಮತ್ತೆ ಐದಕ್ಕೆ ಇಳಿದೆ. ಈ ಬಾರಿ ಭಯವಾಗಲಿಲ್ಲ, ಯಾಕೆಂದು ಗೊತ್ತಿತ್ತಲ್ಲ. ವಂಶದಲ್ಲೇ ಹರಿದು ಬರುವ ಬಗೆ ಒಂದಿದೆ, ಲಿಂಚ್ ಎಂದು. ಅದಾಗಿದ್ದರೆ ಒಂದೆರಡು ವರ್ಷಕ್ಕೊಮ್ಮೆ ನೋಡಿಸಬೇಕು, ಅದೂ ಇಪ್ಪತ್ತರ ಹರೆಯದಿಂದಲೇ. ಅದಕ್ಕಾಗಿ ತಮ್ಮನ ಗಡ್ಡೆಯ ತುಣುಕಿನಲ್ಲಿ ನಾಲ್ಕು ಪ್ರೋಟೀನುಗಳನ್ನು ಹುಡುಕಿದರು. ನಾಲ್ಕೂ ಇದ್ದವು, ಅಂದರೆ ಆ ಶಂಕೆ ದೂರವಾಯಿತು. ಆ ಕಾಗದವನ್ನು ನಾನೇ ಓದಿದೆ, ಲಕೋಟೆ ಕೈಗೆ ಬಂದ ಐದು ನಿಮಿಷದಲ್ಲಿ, ಲ್ಯಾಬಿನ ಮೆಟ್ಟಿಲ ಮೇಲೇ ನಿಂತು.

2023ರಲ್ಲಿ ನನ್ನದಾಯಿತು. ಬಸಳೆ ಇಲ್ಲ, ಎಳ್ಳುಂಡೆ ಇಲ್ಲ, ಅರ್ಧರ್ಧ ಕುಡಿದು. ಬಲಭಾಗದಲ್ಲಿ ಆರು ಮಿಲಿಮೀಟರಿನ ಒಂದು ಚಪ್ಪಟೆ ಪಾಲಿಪ್, ಸೆಸೈಲ್ ಸೆರೇಟೆಡ್ ಎಂಬ ಬೇರೆ ಜಾತಿ. 2018ರಲ್ಲಿ ‘ಸರಿಯಾಗಿ ಕಾಣಲಿಲ್ಲ’ ಎಂದ ಭಾಗವೇ ಅದು. ಅಷ್ಟು ಚಪ್ಪಟೆಯದ್ದು ಒಂದಿಷ್ಟು ಕೊಳಕಿದ್ದರೂ ಕಣ್ಣಿಗೆ ಸಿಗುವುದಿಲ್ಲವಂತೆ. ಅಂಥದ್ದು ಒಂದೋ ಎರಡೋ ಚಿಕ್ಕದಿದ್ದರೆ ಐದರಿಂದ ಹತ್ತು ವರ್ಷ, ನನಗೆ ತಮ್ಮನ ದೆಸೆಯಿಂದ ಹೇಗೂ ಐದು. 2028 ಎಂದು ಬರೆದೆ. ಅದರ ಕೆಳಗೆ 2033. ಆಗ ನನಗೆ ಎಪ್ಪತ್ತೊಂದು. ಎಪ್ಪತ್ತೈದು ದಾಟಿದ ಮೇಲೆ ಎಲ್ಲರಿಗೂ ಒಂದೇ ನಿಯಮವಿಲ್ಲ, ಆಳಿನ ಆರೋಗ್ಯ ನೋಡಿ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಎಂಬತ್ತೈದರ ಮೇಲೆ ಬಿಟ್ಟೇಬಿಡುತ್ತಾರೆ. ಅಂದರೆ ನನ್ನ ಪುಟದಲ್ಲಿ ಉಳಿದಿರುವುದು ಎರಡು, ಹೆಚ್ಚೆಂದರೆ ಮೂರು ಸಾಲು. ಇಷ್ಟು ಸ್ಪಷ್ಟವಾಗಿ ನನ್ನ ಮುದಿತನವನ್ನು ಬೇರೆ ಯಾರೂ ಬರೆದು ತೋರಿಸಿರಲಿಲ್ಲ.

ತಮ್ಮನ ಸಾಲುಗಳು ಬೇರೆ ಲಯದಲ್ಲಿವೆ: ಆಪರೇಷನ್ ಆಗಿ ಒಂದು ವರ್ಷಕ್ಕೆ, ಅಲ್ಲಿಂದ ಮೂರಕ್ಕೆ, ಅಲ್ಲಿಂದ ಐದಕ್ಕೆ. 2022, 2025, 2030. ಮೊದಲ ಎರಡಕ್ಕೂ ಟಿಕ್ ಬಿದ್ದಿದೆ. ಅವನ ಮಗನಿಗೆ ಮೂವತ್ತೊಂದು. ಅಪ್ಪನ ಆಪರೇಷನ್ನಿನ ವಾರವೇ ನಾಳೆಯೇ ಮಾಡಿಸುತ್ತೇನೆಂದು ಹಾರಾಡಿದ್ದ. ಅವನ ಮುಖದಲ್ಲಿ ನನ್ನ 2017 ಕಂಡಿತು. ಲಕ್ಷಣ ಏನಾದರೂ ಕಂಡರೆ ಅವತ್ತೇ ಹೋಗು, ಇಲ್ಲದಿದ್ದರೆ ನಿನ್ನದು 2034 ಎಂದು ಹೇಳಿ, ಅವನೆದುರೇ ಬರೆದೆ. ‘ದೊಡ್ಡಪ್ಪ, ನೀವೇನು ಜಾತಕ ಬರೆಯುತ್ತಿದ್ದೀರಾ?’ ಎಂದ.

ಉಳಿದವಳು ತಂಗಿ. ಪುಣೆಯಲ್ಲಿದ್ದಾಳೆ, ಕೋಥರೂಡಿನಲ್ಲಿ. ಶಾಲೆಯಲ್ಲಿ ಕಲಿಸುತ್ತಿದ್ದವಳು, ಐವತ್ತೆಂಟು. ನಾಲ್ಕು ವರ್ಷ ನನ್ನನ್ನು ಆಟವಾಡಿಸಿದಳು. ಮೊದಲು ನವರಾತ್ರಿ ಕಳೆಯಲಿ ಎಂದಳು, ಆಮೇಲೆ ಮಗಳ ಬಾಣಂತನ. ಮಲ ಪರೀಕ್ಷೆ ಮಾಡಿಸಿದರೆ ಸಾಲದೇ ಎಂದು ಎಲ್ಲೋ ಓದಿ ವಾದಿಸಿದಳು. ಕೊಳವೆ ಬೇಡವೇ ಬೇಡ ಎನ್ನುವವರಿಗೆ ಅದನ್ನು ವರ್ಷ ವರ್ಷ ತಪ್ಪದೆ ಮಾಡಿಸುವುದು ಒಂದು ದಾರಿ, ಆದರೆ ಅದು ಅಡಗಿರುವ ರಕ್ತವನ್ನು ಹಿಡಿಯುವುದು. ರಕ್ತ ಸುರಿಸದ ಪಾಲಿಪ್ಪು ಅದಕ್ಕೆ ಹೇಗೆ ಸಿಗಬೇಕು? ನಿಜವಾದ ಕಾರಣ ನಾಚಿಕೆ ಎಂದು ನಮಗಿಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವವರು ಯಾರು? ಕೊನೆಗೆ ತಮ್ಮನೇ ಒಂದು ದಿನ ವಿಡಿಯೋ ಕಾಲ್ ಮಾಡಿ, ಏನೂ ಉಪದೇಶ ಮಾಡದೆ, ಕೈಯನ್ನು ಕ್ಯಾಮೆರಾದ ಮುಂದೆ ಹಿಡಿದು ಅಂಗಿಯ ಗುಂಡಿ ಹಾಕಿಕೊಂಡು ತೋರಿಸಿದನಂತೆ. ಒಂದು ಗುಂಡಿಗೆ ಎರಡು ನಿಮಿಷ. ಬೆರಳಿನ ಜೋಮು ಇನ್ನೂ ಪೂರ್ತಿ ಹೋಗಿಲ್ಲ. ಮಾರನೆಯ ದಿನ ಅವಳೇ ಫೋನು ಮಾಡಿದಳು: ಹೆಂಗಸು ಡಾಕ್ಟರು ಬೇಕು, ನೀನು ಬಂದು ಜೊತೆಗಿರಬೇಕು.

ಹೋದ ತಿಂಗಳು ಕಲ್ಯಾಣದಲ್ಲಿ ರೈಲು ಹತ್ತಿ ಹೋದೆ, ಚೀಲದಲ್ಲಿ ಡೈರಿ ಇಟ್ಟುಕೊಂಡು. ನಸುಕಿನ ನಾಲ್ಕಕ್ಕೆ ಅವಳ ಅಡುಗೆಮನೆಯಲ್ಲಿ ಲೈಟು ಹಾಕಿ ಕೂತೆವು. ಜಗ್ಗಿನಲ್ಲಿ ಅರ್ಧ ಲೀಟರು ಉಳಿದಿತ್ತು. ಮೂಗು ಹಿಡಿದು, ಕಣ್ಣು ಮುಚ್ಚಿ, ಒಂದು ಗುಟುಕಿಗೆ ಒಂದು ದೇವರ ಹೆಸರು ಹೇಳಿಕೊಂಡು ಕುಡಿಯುತ್ತಿದ್ದಳು. ಫೋನು ಹೊಡೆದುಕೊಂಡಿತು. ಮಾಟುಂಗಾದಿಂದ. ಅವನು ಈಗ ಹೋಟೆಲಿಗೆ ಹೋಗುವುದು ಎಂಟಕ್ಕೆ, ಆದರೆ ನಾಲ್ಕಕ್ಕೆ ಏಳುವ ಚಾಳಿ ಬಿಟ್ಟಿಲ್ಲ. ಪರದೆಯ ಮೇಲೆ ಅವನ ಮುಖ, ಕೈಯಲ್ಲಿ ಬಿಸಿ ಕಾಫಿಯ ಲೋಟ.

‘ತಂಬಿಲ ಶುರುವಾಯಿತಾ?’ ಎಂದ.

ತಂಗಿ ಅವನಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ, ‘ಇದಕ್ಕೆ ಸ್ವಲ್ಪ ನಿಂಬೆಹುಳಿ ಹಿಂಡಬಹುದಾ?’ ಎಂದು ಕೇಳಿದಳು.

‘ಹಿಂಡಬಹುದು’ ಎಂದು ಫೋನಿನೊಳಗಿಂದ ಅವನೇ ಹೇಳಿದ. ‘ಸೋಸಿ ಹಿಂಡು. ಬೀಜ ಬೀಳಬಾರದು.’